ಎರೆಮಣ್ಣಿನ ಕಪ್ಪು, ಧೋತರದ ಬಿಳುಪು: ಕಪ್ಪು-ಬಿಳುಪು ಫಿಲ್ಮಿನ ಆಯ್ಕೆ ಮತ್ತು ಎಕ್ಸ್‌ಪೋಶರ್

ವಿಜಯಪುರದ ಸೀಮೆಯಲ್ಲಿ ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರ ತೆಗೆಯುವವರಿಗೆ ಕಾಂಟ್ರಾಸ್ಟಿನ, ಅಂದರೆ ಕಪ್ಪು-ಬಿಳುಪಿನ ನಡುವಣ ಅಂತರದ, ಬರ ಎಂಬುದು ವರ್ಷದ ಬಹುಪಾಲು ಇರುವುದೇ ಇಲ್ಲ. ಬಿಸಿಲು ತಾನಾಗಿಯೇ ಅದನ್ನು ಧಾರಾಳವಾಗಿ ಕೊಡುತ್ತದೆ. ಕೊಟ್ಟದ್ದನ್ನು ನೆಗೆಟಿವ್‌ನಲ್ಲಿ ಹಿಡಿದಿಡುವುದೇ ನಮ್ಮ ಕೆಲಸ. ಹೊಸದಾಗಿ ಫಿಲ್ಮ್ ಕ್ಯಾಮೆರಾ ಹಿಡಿದವರು ಇದನ್ನು ತಲೆಕೆಳಗಾಗಿ ತಿಳಿದು, ಗಾಢವಾದ ಚಿತ್ರ ಬೇಕೆಂಬ ಆಸೆಯಿಂದ ನಿಧಾನಗತಿಯ ಕಡು ಫಿಲ್ಮು, ಕೆಂಪು ಫಿಲ್ಟರು, ಹೆಚ್ಚು ಹೊತ್ತಿನ ಡೆವಲಪಿಂಗ್ ಎಂಬ ಮೂರನ್ನೂ ಒಟ್ಟಿಗೆ ಹೇರಿ, ಕೊನೆಗೆ ಇದ್ದಿಲು ಮತ್ತು ಸುಣ್ಣ ಎರಡೇ ಉಳಿದ ಚಿತ್ರವನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ನಾನೂ ಒಂದು ಮೇ ತಿಂಗಳ ಮಧ್ಯಾಹ್ನ ಇಬ್ರಾಹಿಂ ರೋಜಾದಲ್ಲಿ ಇದನ್ನೇ ಮಾಡಿದ್ದೇನೆ. 36 ಚಿತ್ರಗಳ ಆ ರೀಲಿನಲ್ಲಿ ಕಮಾನುಗಳ ಆಕಾರವೆಲ್ಲ ಚೆನ್ನಾಗಿ ಮೂಡಿತ್ತು, ಆದರೆ ಕಮಾನಿನ ಒಳಗೋಡೆಯ ಅಕ್ಷರದ ಕೆತ್ತನೆಯಲ್ಲಿ ಒಂದು ಗೆರೆಯೂ ಬಂದಿರಲಿಲ್ಲ.

ಆದ್ದರಿಂದ ಫಿಲ್ಮಿನ ಡಬ್ಬಿಯನ್ನು ಕೈಗೆತ್ತಿಕೊಳ್ಳುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಈ ಚಿತ್ರದಲ್ಲಿ ಪೂರ್ತಿ ಕಪ್ಪಾಗಬೇಕಾದದ್ದು ಯಾವುದು? ಬರೀ ಕಪ್ಪು ಕಣ್ಣಿಗೆ ಗಾಢವಾಗಿ ಕಾಣುವುದಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಕಪ್ಪು, ಕಲ್ಲಿನ ಒರಟುತನವನ್ನೋ ಬಟ್ಟೆಯ ಮಡಿಕೆಯನ್ನೋ ಉಳಿಸಿಕೊಂಡ ಕಪ್ಪು ಇದ್ದಾಗ ಮಾತ್ರ ಮೊದಲನೆಯದಕ್ಕೆ ಆಳ ಬರುತ್ತದೆ. ಯಾವ ನೆರಳನ್ನು ಬಿಟ್ಟುಕೊಡುತ್ತೇವೆ, ಯಾವ ನೆರಳನ್ನು ಉಳಿಸಿಕೊಳ್ಳುತ್ತೇವೆ ಎಂಬುದು ಗೊತ್ತಾದರೆ ಮುಂದಿನ ಹೆಜ್ಜೆಗಳೆಲ್ಲ ಅದರ ಹಿಂದೆ ಬರುತ್ತವೆ.

ಫಿಲ್ಮಿನ ಆಯ್ಕೆ

ಫಿಲ್ಮು ಬೆಳಕಿಗೆ ಸ್ಪಂದಿಸುವ ವೇಗದ ಅಳತೆಯಾದ ಐಎಸ್‌ಒ ಕಡಿಮೆಯಿದ್ದಷ್ಟೂ ಗ್ರೇನ್, ಅಂದರೆ ಚಿತ್ರದಲ್ಲಿ ಕಾಣುವ ಕಾಳು, ಸಣ್ಣದಾಗಿರುತ್ತದೆ ಮತ್ತು ಸಾಮಾನ್ಯವಾಗಿ ಕಾಂಟ್ರಾಸ್ಟ್ ಕಡುವಾಗಿರುತ್ತದೆ. ಇಲ್ಫೋರ್ಡ್ ಕಂಪನಿಯ ಐಎಸ್‌ಒ 50ರ ಪ್ಯಾನ್ ಎಫ್ ಪ್ಲಸ್ ಈ ಸ್ವಭಾವಕ್ಕೆ ಒಳ್ಳೆಯ ಉದಾಹರಣೆ. ಮೋಡದ ದಿನ ಅದು ಚಿತ್ರಕ್ಕೆ ಬೆನ್ನೆಲುಬು ಕೊಡುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಅದೇ ಬೆನ್ನೆಲುಬು ಮುರಿಯುತ್ತದೆ. 125ರ ಎಫ್‌ಪಿ4 ಪ್ಲಸ್ ಇದಕ್ಕೂ ಮುಂದೆ ಹೇಳುವ ಎಚ್‌ಪಿ5ಕ್ಕೂ ನಡುವಿನದು. ಕಲ್ಲಿನ ಕೆಲಸಕ್ಕೆ ನನ್ನ ಮೊದಲ ಆಯ್ಕೆ ಅದೇ. 400ರ ಎಚ್‌ಪಿ5 ಪ್ಲಸ್ ಸ್ವಲ್ಪ ಮೃದು, ತಪ್ಪನ್ನು ಕ್ಷಮಿಸುವಂಥದ್ದು. ಕಾಂಟ್ರಾಸ್ಟ್ ಬೇಕೆನ್ನುವವರಿಗೆ ಮೃದುವಾದ ಫಿಲ್ಮನ್ನು ಸೂಚಿಸುವುದು ವಿಚಿತ್ರವಾಗಿ ಕಾಣಬಹುದು, ಆದರೆ ಸುಡುವ ಬಿಸಿಲಿನಲ್ಲಿ ನೆರಳನ್ನೂ ಬಿಳಿಯನ್ನೂ ಒಟ್ಟಿಗೆ ಹಿಡಿಯಬಲ್ಲ ಇಂಥ ಫಿಲ್ಮಿನಿಂದಲೇ ನಂತರ ಮುದ್ರಿಸುವಾಗ ಗಾಢ ಕಪ್ಪನ್ನು ಬೇಕಾದಲ್ಲಿ ಇರಿಸಲು ಸಾಧ್ಯ. ನೆಗೆಟಿವ್‌ನಲ್ಲಿ ಇಲ್ಲದ ವಿವರವನ್ನು ಮುದ್ರಣದಲ್ಲಿ ಹುಟ್ಟಿಸಲಾಗದು. ಇರುವುದನ್ನು ಕಪ್ಪಾಗಿಸುವುದು ಸುಲಭ.

ಕೊಡಾಕ್‌ನ ಟ್ರೈ-ಎಕ್ಸ್ 35 ಮಿಲಿಮೀಟರ್ ರೀಲಿನಲ್ಲಿ 1954ರಿಂದ ಬಳಕೆಯಲ್ಲಿದೆ, ಗ್ರೇನಿಗೆ ಒಂದು ಗಡಸುತನವಿದೆ. ಅದೇ ಕಂಪನಿಯ ಟಿ-ಮ್ಯಾಕ್ಸ್ ಬಹಳ ನುಣುಪು, ಆದರೆ ಡೆವಲಪರಿನ ಸಮಯ ಮತ್ತು ಶಾಖ ಸ್ವಲ್ಪ ಆಚೀಚೆಯಾದರೂ ಫಲಿತಾಂಶ ಬದಲಾಗುವುದರಿಂದ ನಮ್ಮ ಬೇಸಿಗೆಯ ಮನೆಗಳಲ್ಲಿ ಆರಂಭಿಕರಿಗೆ ಅದನ್ನು ನಾನು ಹೇಳುವುದಿಲ್ಲ. ಕೈಗೆಟಕುವ ಬೆಲೆಯಲ್ಲಿ ಕಲಿಯಲು ಕೆಂಟ್‌ಮಿಯರ್ ಸಾಕು. ಚೆಕ್ ದೇಶದ ಫೋಮಾಪ್ಯಾನ್ 400 ಡಬ್ಬಿಯ ಮೇಲೆ ಹೇಳಿಕೊಂಡಷ್ಟು ವೇಗವಾಗಿಲ್ಲ, ಅದನ್ನು 200 ಅಥವಾ 250 ಎಂದು ಎಣಿಸಿಯೇ, ಅಂದರೆ ಮೀಟರಿಗೆ ಆ ಸಂಖ್ಯೆ ಕೊಟ್ಟೇ, ಬಳಸಬೇಕು. ಊರಿನ ಕಲರ್ ಲ್ಯಾಬಿನಲ್ಲಿ ತೊಳೆಸುವುದಿದ್ದರೆ ಎಕ್ಸ್‌ಪಿ2 ಸೂಪರ್ ಒಂದೇ ದಾರಿ, ಏಕೆಂದರೆ ಅದು ಕಪ್ಪು-ಬಿಳುಪಾದರೂ ಕಲರ್ ಫಿಲ್ಮಿನ ಸಿ-41 ರಾಸಾಯನಿಕದಲ್ಲಿಯೇ ಡೆವಲಪ್ ಆಗುತ್ತದೆ.

ಒಂದು ವಿಶೇಷ ಫಿಲ್ಮಿನ ಬಗ್ಗೆ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಇಲ್ಫೋರ್ಡ್ ಆರ್ಥೋ ಪ್ಲಸ್ ಹಗಲಿನಲ್ಲಿ ಐಎಸ್‌ಒ 80ರದ್ದು ಮತ್ತು ಅದಕ್ಕೆ ಕೆಂಪು ಬಣ್ಣ ಕಾಣುವುದಿಲ್ಲ. ಬಾದಾಮಿಯ ಕೆಂಪು ಮರಳುಗಲ್ಲಿನ ಬೆಟ್ಟವನ್ನು ಇದರಲ್ಲಿ ತೆಗೆದರೆ ಬಂಡೆ ಕಬ್ಬಿಣದ ಹಾಗೆ ಕಪ್ಪಾಗಿ, ಆಕಾಶ ಹಾಳೆಯಂತೆ ಬೆಳ್ಳಗಾಗಿ ಬರುತ್ತದೆ. ಎಲ್ಲರಿಗೂ ಹಿಡಿಸುವ ಚಿತ್ರವಲ್ಲ, ನನಗೆ ಹಿಡಿಸುತ್ತದೆ.

ಕೊಂಡ ಫಿಲ್ಮನ್ನು ಫ್ರಿಜ್ಜಿನಲ್ಲಿ ಇಡಿ, ಬಳಸುವ ಕೆಲವು ಗಂಟೆ ಮೊದಲು ಡಬ್ಬಿ ಸಮೇತ ಹೊರಗಿಡಿ. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಿಡಬೇಡಿ.

ಮೀಟರ್ ಏನು ಹೇಳುತ್ತದೆ

ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರಿಗೆ ಕಪ್ಪು ಯಾವುದು, ಬಿಳುಪು ಯಾವುದು ಎಂಬುದು ತಿಳಿಯದು. ಅದು ತನ್ನ ಎದುರಿಗೆ ಇರುವುದನ್ನೆಲ್ಲ ನಡುವಣ ಬೂದು ಎಂದೇ ಭಾವಿಸಿ ಅಳೆಯುತ್ತದೆ. ಗೋಳಗುಮ್ಮಟದ ಕಪ್ಪುಗಲ್ಲಿನ ಗೋಡೆಯನ್ನು ಮಾತ್ರ ತೋರಿಸಿದರೆ ಅದನ್ನು ಬೂದಾಗಿಸುವಷ್ಟು ಬೆಳಕು ಕೇಳುತ್ತದೆ. ಹಿಂದಿನ ಬೆಳ್ಳನೆಯ ಆಕಾಶವೂ ಚೌಕಟ್ಟಿನೊಳಗೆ ಬಂದರೆ ಆಕಾಶವನ್ನು ಬೂದಾಗಿಸಲು ಹೊರಟು ಕಟ್ಟಡವನ್ನು ಮಸಿಯಾಗಿಸುತ್ತದೆ. ಇದಕ್ಕೆ ಮದ್ದಾಗಿ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಎಂಬ ಇಬ್ಬರು ಅಮೆರಿಕದ ಛಾಯಾಗ್ರಾಹಕರು 1940ರ ಸುಮಾರಿಗೆ ವಲಯ ಪದ್ಧತಿಯನ್ನು ರೂಪಿಸಿದರು. ಅದರಲ್ಲಿ ಸೊನ್ನೆ ಎಂದರೆ ಅಚ್ಚ ಕಪ್ಪು, ಹತ್ತು ಎಂದರೆ ಅಚ್ಚ ಬಿಳುಪು, ಮೀಟರ್ ಯಾವಾಗಲೂ ತೋರಿಸುವುದು ಐದನ್ನು. ಒಂದು ವಲಯಕ್ಕೂ ಇನ್ನೊಂದಕ್ಕೂ ಒಂದು ಸ್ಟಾಪ್ ಅಂತರ, ಅಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ. ಒರಟುತನ ಕಾಣುವ ಕಡುಗಪ್ಪು ಮೂರರಲ್ಲಿರುತ್ತದೆ, ನೇಯ್ಗೆ ಕಾಣುವ ಬಿಳಿಬಟ್ಟೆ ಏಳೆಂಟರಲ್ಲಿ. ಆದ್ದರಿಂದ ವಿವರ ಉಳಿಯಬೇಕಾದ ನೆರಳನ್ನು ಅಳೆದು, ಬಂದ ಲೆಕ್ಕಕ್ಕಿಂತ ಎರಡು ಸ್ಟಾಪ್ ಕಡಿಮೆ ಬೆಳಕು ಕೊಟ್ಟರೆ ಅದು ಮೂರಕ್ಕೆ ಬಂದು ಕೂರುತ್ತದೆ.

ಇದು ಓದಲು ಒಣ ಲೆಕ್ಕ; ಹೊಲದಲ್ಲಿ ನಿಂತಾಗ ಹೇಗಿರುತ್ತದೆಂಬುದನ್ನು ಒಂದು ಚಿತ್ರದ ಮೂಲಕವೇ ಹೇಳುತ್ತೇನೆ. ಹಿಂಗಾರಿನ ಬಿತ್ತನೆಯ ಹೊತ್ತಿನಲ್ಲಿ ಎರೆಹೊಲದಲ್ಲಿ ಬಿಳಿ ಧೋತರ, ಬಿಳಿ ಪಟಕದ ಹಿರಿಯರೊಬ್ಬರು ಕೂರಿಗೆ ಹೂಡಿದ್ದರು. ಕೇಳಿದ್ದಕ್ಕೆ "ತಗೀರಿ, ಯಾಕ ಬ್ಯಾಡಂತೀನಿ, ಆದ್ರ ನಾ ನಿಂತೇನು, ಎತ್ತು ನಿಲ್ಲೂದಿಲ್ಲ ನೋಡ್ರಿ" ಎಂದರು. ಎಚ್‌ಪಿ5 ಫಿಲ್ಮನ್ನು 200 ಎಂದು ಎಣಿಸಿ ಹಾಕಿದ್ದೆ. 1/125 ಸೆಕೆಂಡಿಗೆ ಬಿಸಿಲು ಬಿದ್ದ ಮಣ್ಣು ಎಫ್/11 (ಲೆನ್ಸಿನ ಕಿಂಡಿಯ ಅಳತೆ; ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು) ತೋರಿಸಿತು, ಹತ್ತಿರ ಹೋಗಿ ಅಳೆದ ಧೋತರ ಎಫ್/45, ಸಾಲಿನ ನೆರಳು ಎಫ್/4. ಅಂದರೆ ಮಣ್ಣಿಗಿಂತ ಧೋತರ ನಾಲ್ಕು ಸ್ಟಾಪ್ ಮೇಲೆ, ನೆರಳು ಮೂರು ಸ್ಟಾಪ್ ಕೆಳಗೆ. ಚೌಕಟ್ಟಿನ ಬಹುಭಾಗ ಮಣ್ಣೇ ಆಗಿದ್ದರಿಂದ ಮೀಟರಿನ ಮಾತು ಕೇಳಿದ್ದರೆ ಎರೆಮಣ್ಣು ಐದನೆಯ ವಲಯದ ಬೂದಿಯಾಗಿ, ಧೋತರ ಒಂಬತ್ತಕ್ಕೆ ಏರಿ ಮಡಿಕೆಗಳೆಲ್ಲ ಅಳಿದುಹೋಗುತ್ತಿದ್ದವು. ನೆರಳನ್ನು ಅಳೆದು ಅದನ್ನೇ ಮೂರಕ್ಕೆ ತರಲು ಹೋಗಿದ್ದರೆ ಎಫ್/8 ಆಗಿ, ಧೋತರ ಹತ್ತಕ್ಕೇ ಮುಟ್ಟುತ್ತಿತ್ತು. ಸಾಲಿನ ನೆರಳಿನಲ್ಲಿ ನೋಡಬೇಕಾದದ್ದು ಏನೂ ಇರಲಿಲ್ಲವಾದ್ದರಿಂದ ಅದನ್ನು ಬಿಟ್ಟುಕೊಟ್ಟು, ಮಣ್ಣಿನ ಹೆಂಟೆಗಳನ್ನು ನಾಲ್ಕನೆಯ ವಲಯಕ್ಕೆ ಇಳಿಸಿ ಎಫ್/16ಕ್ಕೆ ಒತ್ತಿದೆ. ಧೋತರ ಎಂಟಕ್ಕೆ ಬಂತು, ಸಾಲುಗಳು ಒಂದಕ್ಕೆ ಇಳಿದು ಗೆರೆ ಎಳೆದಂತೆ ಕಪ್ಪಾದವು. ಎತ್ತು ನಿಲ್ಲಲಿಲ್ಲ, ಒಂದರ ಕೊಂಬು ಚೌಕಟ್ಟಿನ ಹೊರಗೇ ಉಳಿಯಿತು.

ಮೇಲಿನ ಉದಾಹರಣೆಯಲ್ಲಿ 400ರ ಫಿಲ್ಮನ್ನು 200 ಎಂದು ಎಣಿಸಿದ್ದನ್ನು ಗಮನಿಸಿರಬಹುದು. ಕಡು ಬಿಸಿಲಿನಲ್ಲಿ ಇದು ನನ್ನ ರೂಢಿ: ಒಂದು ಸ್ಟಾಪ್ ಹೆಚ್ಚು ಬೆಳಕು ಕೊಟ್ಟು ನೆರಳನ್ನು ಕಾಪಾಡುವುದು, ಡೆವಲಪಿಂಗ್ ಸಮಯವನ್ನು ಶೇಕಡಾ 15ರಿಂದ 20ರಷ್ಟು ಇಳಿಸಿ ಬಿಳುಪನ್ನು ಹದ್ದುಬಸ್ತಿನಲ್ಲಿಡುವುದು. ಜುಲೈ, ಆಗಸ್ಟಿನಲ್ಲಿ ಬೆಳಗಾವಿಯ ಕಡೆ ಮೋಡ ಕವಿದು ಬೆಳಕು ಚಪ್ಪಟೆಯಾಗಿರುವಾಗ ಇದರ ತಿರುವುಮುರುವು: ಡಬ್ಬಿಯ ಮೇಲಿನ ಐಎಸ್‌ಒವನ್ನೇ ಇಟ್ಟುಕೊಂಡು ಸಮಯವನ್ನು ಶೇಕಡಾ 20ರಷ್ಟು ಹೆಚ್ಚಿಸಬೇಕು. ಹೀಗಾಗಿ ಒಂದೇ ರೀಲಿನಲ್ಲಿ ಮಧ್ಯಾಹ್ನದ ಬಿಸಿಲನ್ನೂ ಮರುದಿನದ ಮಳೆಯನ್ನೂ ಬೆರೆಸದಿರುವುದು ಲೇಸು. ಮೀಟರ್ ಕೆಟ್ಟಿದ್ದರೆ ಹಳೆಯ ಸೂತ್ರ ಇದ್ದೇ ಇದೆ: ನೇರ ಬಿಸಿಲಿನಲ್ಲಿ ಎಫ್/16, ಷಟರ್ ವೇಗ ಒಂದು ಸೆಕೆಂಡಿನಲ್ಲಿ ಐಎಸ್‌ಒ ಸಂಖ್ಯೆಯಷ್ಟನೆಯ ಭಾಗಕ್ಕೆ ಹತ್ತಿರದ್ದು.

ಫಿಲ್ಟರು: ಕಲ್ಲಿನ ಬಣ್ಣ ನೋಡಿ, ಆಕಾಶದ ಬಣ್ಣವನ್ನೂ ನೋಡಿ

ಬಣ್ಣದ ಫಿಲ್ಟರ್ ತನ್ನ ಬಣ್ಣದ ವಸ್ತುವನ್ನು ತಿಳಿಯಾಗಿಸಿ, ಎದುರು ಬಣ್ಣದ್ದನ್ನು ಕಡುವಾಗಿಸುತ್ತದೆ. ಇದನ್ನು ಅರಿಯಲು ಇಳಕಲ್ ಸೀರೆಗಿಂತ ಒಳ್ಳೆಯ ಪಾಠ ಇಲ್ಲ. ಹಸಿರು ಒಡಲಿನ ಸೀರೆಯ ಕೆಂಪು ಸೆರಗು ಕಣ್ಣಿಗೆ ಎಷ್ಟೇ ಬೇರೆಯಾಗಿ ಕಂಡರೂ ಫಿಲ್ಟರ್ ಇಲ್ಲದ ಕಪ್ಪು-ಬಿಳುಪು ಚಿತ್ರದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಬೂದಿಯಾಗಿಬಿಡುತ್ತವೆ. ಕೆಂಪು ಫಿಲ್ಟರ್ ಹಾಕಿದರೆ ಸೆರಗು ಬೆಳಗುತ್ತದೆ, ಒಡಲು ಕಪ್ಪಾಗುತ್ತದೆ. ಆದರೆ ಸೆರಗಿನ ಕೆಂಪು ನೆಲದ ಮೇಲೆ ಬಿಳಿಯ ನೂಲಿನಲ್ಲಿ ನೇಯ್ದ ಟೋಪು ತೆನೆ ಎಂಬ ಚಿತ್ತಾರ ಆ ಬೆಳಕಿನಲ್ಲಿ ಕರಗಿ ಮಾಯವಾಗುತ್ತದೆ. ಹಳದಿ-ಹಸಿರು ಫಿಲ್ಟರ್ ಹಾಕಿದರೆ ಸೆರಗು ಕಪ್ಪಾಗಿ, ತೆನೆಗಳು ಬೆಳ್ಳಗೆ ಎದ್ದು ನಿಲ್ಲುತ್ತವೆ. ನೇಕಾರರ ಮುಖಕ್ಕೂ ಇದೇ ಒಳ್ಳೆಯದು, ಏಕೆಂದರೆ ಕೆಂಪು ಫಿಲ್ಟರ್ ನಮ್ಮ ಕಂದು ಚರ್ಮವನ್ನು ಹಿಟ್ಟು ಬಳಿದಂತೆ ಮಾಡಿ ಸುಕ್ಕುಗಳನ್ನು ನುಂಗುತ್ತದೆ.

ಫಿಲ್ಟರ್ ಹಾಕಿದ್ದಕ್ಕೆ ಹೆಚ್ಚುವರಿ ಬೆಳಕು ಕೊಡಬೇಕು: ಹಳದಿಗೆ ಸುಮಾರು ಒಂದು ಸ್ಟಾಪ್, ಕಿತ್ತಳೆಗೆ ಎರಡು, ಕಡುಗೆಂಪಿಗೆ ಮೂರು. ಲೆನ್ಸಿನ ಮೂಲಕ ಅಳೆಯುವ ಕ್ಯಾಮೆರಾ ಇದನ್ನು ತಾನೇ ಸೇರಿಸಿಕೊಳ್ಳುತ್ತದೆ, ಆದರೆ ಕೆಂಪು ಬೆಳಕಿನಲ್ಲಿ ಹಲವು ಮೀಟರುಗಳು ಎಡವುತ್ತವೆ. ಫಿಲ್ಟರ್ ತೆಗೆದು ಅಳೆದು, ಸ್ಟಾಪ್‌ಗಳನ್ನು ಕೈಯಾರೆ ಸೇರಿಸಿ, ನಂತರ ಫಿಲ್ಟರ್ ತಿರುಗಿಸುವುದು ಭದ್ರ. ಬಾದಾಮಿಯಲ್ಲಿ ಒಮ್ಮೆ ನಾನು ಫಿಲ್ಟರಿನೊಂದಿಗೇ ಅಳೆದು, ಮರೆತು ಮತ್ತೆ ಮೂರು ಸ್ಟಾಪ್ ತೆರೆದುಬಿಟ್ಟೆ. ಅಗಸ್ತ್ಯತೀರ್ಥದ ಆ ನೆಗೆಟಿವ್‌ಗಳು ತವೆಯ ತಳದಂತಿವೆ.

ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಮರಳುಗಲ್ಲಿಗೆ ಕಿತ್ತಳೆ ಫಿಲ್ಟರ್ ಸಾಕೆಂಬುದು ನನ್ನ ಅಭಿಪ್ರಾಯ. ಕಲ್ಲು ಬೆಳಗಿ, ನೀಲಿ ಆಕಾಶ ಅದರ ಹಿಂದೆ ಕಡುವಾಗಿ ನಿಲ್ಲುತ್ತದೆ. ಕೆಂಪು ಫಿಲ್ಟರಿನಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ಹೆಚ್ಚಿನವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿಸಿಲು ತಾಕದ ನೆರಳಿಗೆ ಬೆಳಕು ಬರುವುದು ಬಹುತೇಕ ನೀಲಿ ಆಕಾಶದಿಂದ. ಕೆಂಪು ಫಿಲ್ಟರ್ ಆ ನೀಲಿಯನ್ನೇ ತಡೆಯುವುದರಿಂದ ಆಕಾಶದೊಂದಿಗೆ ನೆರಳೂ ಕಪ್ಪಾಗುತ್ತದೆ. ಐಹೊಳೆಯ ದುರ್ಗ ಗುಡಿಯ ಬಿಲ್ಲಿನಂತೆ ಬಾಗಿದ ಕಂಬಸಾಲಿನ ಪಡಸಾಲೆಯಲ್ಲಿ ಕಂಬ, ನೆರಳು, ಕಂಬ, ನೆರಳು ಎಂದು ಪಟ್ಟೆಪಟ್ಟೆಯಾಗಿ ಬೀಳುವ ಬೆಳಕಿಗೆ ಕೆಂಪು ಹಾಕಿದರೆ ಒಳಗೋಡೆಯ ಗೂಡುಗಳಲ್ಲಿರುವ ಮೂರ್ತಿಗಳು ಕತ್ತಲಲ್ಲಿ ಮುಳುಗುತ್ತವೆ. ಹಾಕಲೇಬೇಕೆಂದಿದ್ದರೆ ಮೂರರ ಬದಲು ಮೂರೂವರೆ, ನಾಲ್ಕು ಸ್ಟಾಪ್ ತೆರೆಯಿರಿ.

ವಿಜಯಪುರದ ಕಟ್ಟಡಗಳ ಕಪ್ಪುಗಲ್ಲಿಗೆ ಬಣ್ಣವೇ ಇಲ್ಲದಷ್ಟು ಕಡಿಮೆ. ಅಲ್ಲಿ ಫಿಲ್ಟರ್ ಕೆಲಸ ಮಾಡುವುದು ಆಕಾಶದ ಮೇಲೆ ಮಾತ್ರ, ಅದೂ ಆಕಾಶ ನೀಲಿಯಿದ್ದರೆ. ಏಪ್ರಿಲ್, ಮೇ ತಿಂಗಳಲ್ಲಿ ಧೂಳು ತುಂಬಿ ಬಿಳಿಚಿಕೊಂಡ ಆಕಾಶವನ್ನು ಯಾವ ಫಿಲ್ಟರೂ ಕಪ್ಪಾಗಿಸಲಾರದು. ಮಳೆ ಹಿಂದೆಗೆದ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ, ತೊಳೆದಿಟ್ಟಂಥ ನೀಲಿಯಲ್ಲಿ ಹತ್ತಿಯಂಥ ಮೋಡ ತೇಲುವಾಗ ಬಾರಾಕಮಾನಿನ ಅಪೂರ್ಣ ಕಮಾನುಗಳ ಎದುರು ನಿಂತು ಕೆಂಪು ಫಿಲ್ಟರ್ ಹೊರತೆಗೆಯಿರಿ. ಸೂರ್ಯನಿಗೆ ಬೆನ್ನು ಅಥವಾ ಭುಜ ಕೊಟ್ಟು ನಿಂತಾಗಲೇ ಎದುರಿನ ಆಕಾಶ ಕಡುನೀಲಿ. ಸೂರ್ಯನ ಕಡೆಗೆ ತಿರುಗಿದರೆ ಅದೇ ಆಕಾಶ ಬಿಳುಪು.

ಒಳಗಿನ ಕತ್ತಲೆ

1656ರಲ್ಲಿ ಮುಗಿದ ಗೋಳಗುಮ್ಮಟದ ಒಳಗೆ, 44 ಮೀಟರ್ ಹೊರವ್ಯಾಸದ ಆ ಗುಮ್ಮಟದ ಕೆಳಗೆ, ಬೆಳಕು ಬರುವುದು ಕೆಲವೇ ಕಿಂಡಿ, ಬಾಗಿಲುಗಳಿಂದ. ಇಲ್ಲಿ ಎರಡು ದಾರಿಗಳಿವೆ. ಒಂದು, ಕ್ಯಾಮೆರಾವನ್ನು ಅಲುಗದಂತೆ ಇರಿಸಿ ದೀರ್ಘ ಎಕ್ಸ್‌ಪೋಶರ್ ಕೊಡುವುದು. ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕಾಗುವುದರಿಂದ ನಾನು ಸಾಮಾನ್ಯವಾಗಿ ಕ್ಯಾಮೆರಾ ಚೀಲವನ್ನು ನೆಲದ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸುತ್ತೇನೆ. ಒಂದು ಸೆಕೆಂಡ್ ಮೀರಿದ ಮೇಲೆ ಫಿಲ್ಮಿನ ಗ್ರಹಣಶಕ್ತಿ ಕುಂದುವುದರಿಂದ ಮೀಟರ್ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಬೇಕು: ಮೀಟರಿನ 4 ಸೆಕೆಂಡ್ ಎಚ್‌ಪಿ5ಕ್ಕೆ 6 ಆಗುತ್ತದೆ, 10 ಸೆಕೆಂಡ್ 20 ಆಗುತ್ತದೆ, ಎಫ್‌ಪಿ4ಕ್ಕೆ ಅದೇ 10 ಸೆಕೆಂಡ್ 18. ಫೋಮಾಪ್ಯಾನ್ 100 ಈ ವಿಷಯದಲ್ಲಿ ಬಹಳ ಸೋಮಾರಿ, ಅದಕ್ಕೆ 80 ಸೆಕೆಂಡ್ ಬೇಕು.

ಎರಡನೆಯದು ಪುಶ್ ಮಾಡುವುದು, ಅಂದರೆ 400ರ ಫಿಲ್ಮನ್ನು 1600 ಎಂದು ಎಣಿಸಿ ತೆಗೆದು ಡೆವಲಪರಿನಲ್ಲಿ ಹೆಚ್ಚು ಹೊತ್ತು ಇಡುವುದು. ಗುಂಡಿಮಗ್ಗದ ಕೋಣೆಯಲ್ಲಿ ಕಿಟಕಿಯೊಂದರಿಂದ ಬೀಳುವ ಬೆಳಕಿನಲ್ಲಿ ಓಡುವ ಲಾಳಿಯನ್ನು ಹಿಡಿಯಲು ಬೇರೆ ಉಪಾಯವಿಲ್ಲ. ಆದರೆ ಪುಶ್ ಮಾಡುವುದರಿಂದ ಫಿಲ್ಮಿನ ವೇಗ ನಿಜವಾಗಿ ಹೆಚ್ಚುತ್ತದೆಂಬ ನಂಬಿಕೆ ತಪ್ಪು. ಬೆಳಕು ಬಿದ್ದ ಭಾಗ ಏರುತ್ತದೆ, ಬೀಳದ ನೆರಳು ಬಿದ್ದಲ್ಲೇ ಇರುತ್ತದೆ. ಆ ಅಂತರವೇ ನಮಗೆ ಕಾಂಟ್ರಾಸ್ಟ್ ಆಗಿ ಕಾಣುತ್ತದೆ. ನೆರಳು ಹೋದರೂ ಚಿಂತೆಯಿಲ್ಲದ ಚಿತ್ರಕ್ಕೆ ಮಾತ್ರ ಇದು.

ಡೆವಲಪಿಂಗ್ ಮತ್ತು ನೀರು

ಐಡಿ-11 ಡೆವಲಪರನ್ನು ನೀರು ಬೆರೆಸದೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಳಸಿದರೆ ಎಚ್‌ಪಿ5ಕ್ಕೆ 400ರಲ್ಲಿ ಏಳೂವರೆ ನಿಮಿಷ, 800ರಲ್ಲಿ ಹತ್ತೂವರೆ, 1600ರಲ್ಲಿ 14 ನಿಮಿಷ. ಎಫ್‌ಪಿ4ಕ್ಕೆ ಎಂಟೂವರೆ. ಕೊಡಾಕ್‌ನ ಡಿ-76 ಹೆಚ್ಚುಕಡಿಮೆ ಇದೇ ಪದಾರ್ಥ. ಸಮಭಾಗ ನೀರು ಬೆರೆಸಿದರೆ ಎಚ್‌ಪಿ5ಕ್ಕೆ 13, ಎಫ್‌ಪಿ4ಕ್ಕೆ 11 ನಿಮಿಷ. ಬಿಸಿಲಿನ ರೀಲುಗಳಿಗೆ ನಾನು ಬೆರೆಸಿಯೇ ಬಳಸುತ್ತೇನೆ, ಸಮಯ ದೀರ್ಘವಾದಷ್ಟೂ ಕೈಗೆ ಹಿಡಿತ ಹೆಚ್ಚು.

ನಮ್ಮಲ್ಲಿನ ತೊಡಕೆಂದರೆ ಆ 20 ಡಿಗ್ರಿ. ಬೇಸಿಗೆಯಲ್ಲಿ ಮಾಳಿಗೆಯ ಟ್ಯಾಂಕಿನಿಂದ ಇಳಿಯುವ ನೀರು ಕೈ ಸುಡುತ್ತದೆ. ಮೂರು ಡಿಗ್ರಿ ಹೆಚ್ಚಾದರೆ ಸಮಯವನ್ನು ಕಾಲು ಭಾಗ ಇಳಿಸಿ ಸರಿದೂಗಿಸಬಹುದು, ಆದರೆ ಒಟ್ಟು ಸಮಯ ಐದು ನಿಮಿಷಕ್ಕಿಂತ ಕಡಿಮೆಯಾದರೆ ಫಿಲ್ಮಿನ ಮೇಲೆ ಒಂದೇ ಸಮನೆ ಕೆಲಸ ಆಗುವುದಿಲ್ಲ. ರಾತ್ರಿಯಿಡೀ ಹರವಿಯಲ್ಲಿ ತಣಿದ ನೀರನ್ನು ಬೆಳಗಿನ ಜಾವ ದೊಡ್ಡ ಬೋಗುಣಿಗೆ ಸುರಿದು, ಬೇಕಿದ್ದರೆ ನಾಲ್ಕು ತುಂಡು ಐಸ್ ಹಾಕಿ, ಅದರಲ್ಲಿ ಡೆವಲಪರಿನ ಬಾಟಲಿಯನ್ನೂ ಟ್ಯಾಂಕನ್ನೂ ನಿಲ್ಲಿಸಿದರೆ ಕೆಲಸ ಸುಗಮ. ಐಸನ್ನು ಡೆವಲಪರಿಗೇ ಹಾಕಬಾರದು. ಟ್ಯಾಂಕನ್ನು ಪ್ರತಿ ನಿಮಿಷದ ಮೊದಲ ಹತ್ತು ಸೆಕೆಂಡ್‌ನಲ್ಲಿ ನಾಲ್ಕು ಬಾರಿ ಮೆಲ್ಲಗೆ ಬೋರಲು ಮಾಡಿ ನಿಲ್ಲಿಸಿ. ಹೆಚ್ಚು ಅಲುಗಾಡಿಸಿದರೆ ಕಾಂಟ್ರಾಸ್ಟ್ ಏರುತ್ತದೆ, ಒಮ್ಮೊಮ್ಮೆ ಒಂದೊಂದು ತರಹ ಅಲುಗಾಡಿಸಿದರೆ ಒಂದು ರೀಲಿಗೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ.

ಬೋರ್‌ವೆಲ್ಲಿನ ಸವಳು ನೀರಿನಲ್ಲಿ ಕೊನೆಯ ಜಾಲಾಟ ಮಾಡಿದರೆ ಒಣಗಿದ ಮೇಲೆ ಆಕಾಶದ ಭಾಗದಲ್ಲಿ ಸುಣ್ಣದ ಚುಕ್ಕೆಗಳು ಉಳಿಯುತ್ತವೆ. ಗ್ಯಾರೇಜಿನಲ್ಲಿ ಸಿಗುವ ಬ್ಯಾಟರಿ ನೀರಿಗೆ ನೀರು ಹನಿಗಟ್ಟದೆ ಜಾರುವಂತೆ ಮಾಡುವ ವೆಟಿಂಗ್ ಏಜೆಂಟ್ ಒಂದೆರಡು ಹನಿ ಬೆರೆಸಿ ಅದರಲ್ಲಿ ಒಂದು ನಿಮಿಷ ಅದ್ದಿ ತೂಗುಹಾಕಿ. ಕೊಳ್ಳುವಾಗ ಅದು ಬಟ್ಟಿ ಇಳಿಸಿದ ಬರೀ ನೀರೆಂದು ಖಚಿತಪಡಿಸಿಕೊಳ್ಳಿ, ಆಸಿಡ್ ಬೆರೆತದ್ದಾಗಿರಬಾರದು. ಧೂಳಿನ ಗಾಳಿ ಎದ್ದ ದಿನ ಬಚ್ಚಲುಮನೆಯ ಬಾಗಿಲು ಹಾಕಿ ಅಲ್ಲಿಯೇ ಒಣಗಿಸುವುದು ಒಳ್ಳೆಯದು.

ನೆಗೆಟಿವ್ ಓದುವ ಬಗೆ

ಒಣಗಿದ ನೆಗೆಟಿವ್ ಅನ್ನು ಸ್ಕ್ಯಾನರಿಗೆ ಕೊಡುವ ಮೊದಲು ಕಣ್ಣಾರೆ ಓದಬೇಕು, ಏಕೆಂದರೆ ಸ್ಕ್ಯಾನರ್ ತಪ್ಪುಗಳನ್ನು ಮುಚ್ಚಿಹಾಕುತ್ತದೆ. ಹಗಲು ಬೆಳಕಿನಲ್ಲಿ ದಿನಪತ್ರಿಕೆಯ ಮೇಲೆ ಅದನ್ನು ಚಾಚಿ ಇಡಿ. ಅತಿ ದಟ್ಟವಾದ ಭಾಗದ, ಅಂದರೆ ಚಿತ್ರದ ಬಿಳುಪಿನ, ಮೂಲಕ ಕೆಳಗಿನ ಅಕ್ಷರ ಕಷ್ಟಪಟ್ಟಾದರೂ ಕಾಣುತ್ತಿದ್ದರೆ ಡೆವಲಪಿಂಗ್ ಹದವಾಗಿದೆ. ಅಕ್ಷರ ಪೂರ್ತಿ ಮುಚ್ಚಿಹೋಗಿದ್ದರೆ ಮುಂದಿನ ರೀಲಿಗೆ ಸಮಯ ಇಳಿಸಿ. ನಂತರ ನೆರಳಿನ ಭಾಗವನ್ನು ನೋಡಿ: ನೀವು ಉಳಿಸಿಕೊಳ್ಳಲು ಬಯಸಿದ್ದ ಕಪ್ಪಿನಲ್ಲಿ ಮಂಕಾದ ಗೆರೆಗಳು ಕಾಣಬೇಕು, ಬಿಟ್ಟುಕೊಟ್ಟ ಕಪ್ಪು ಫಿಲ್ಮಿನ ಅಂಚಿನಷ್ಟೇ ಬರಿದಾಗಿರಬೇಕು. ಉಳಿಸಬೇಕಿದ್ದ ನೆರಳೂ ಅಂಚಿನಂತೆ ಬರಿದಾಗಿದ್ದರೆ ಡೆವಲಪರಿನ ಸಮಯ ಹೆಚ್ಚಿಸಿ ಪ್ರಯೋಜನವಿಲ್ಲ. ಮುಂದಿನ ಬಾರಿ ಎಕ್ಸ್‌ಪೋಶರನ್ನೇ ಒಂದು ಸ್ಟಾಪ್ ಹೆಚ್ಚಿಸಬೇಕು.

ಹೊಸ ಫಿಲ್ಮಿಗೆ ಒಗ್ಗಿಕೊಳ್ಳಲು ಒಂದು ರೀಲನ್ನು ಇದಕ್ಕೇ ಮೀಸಲಿಡಿ. ಬಿಸಿಲೂ ನೆರಳೂ ಒಟ್ಟಿಗೆ ಬೀಳುವ ನಿಮ್ಮ ಮನೆಯ ಪಡಸಾಲೆಯಲ್ಲಿ ಕರಿ ಕಂಬಳಿಯನ್ನೂ ಬಿಳಿ ಪಂಚೆಯನ್ನೂ ಪಕ್ಕಪಕ್ಕ ನೇತುಹಾಕಿ, 400ರ ಫಿಲ್ಮಾದರೆ 100, 200, 400, 800 ಎಂದು ಎಣಿಸಿ ನಾಲ್ಕು ಬಾರಿ ತೆಗೆಯಿರಿ, ಪ್ರತಿಯೊಂದರ ಅಪರ್ಚರ್, ಷಟರ್ ವೇಗವನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ, ಇದೇ ನಾಲ್ಕನ್ನು ರೀಲು ಮುಗಿಯುವವರೆಗೆ ಮರುಕಳಿಸಿ. ಕತ್ತಲೆಯಲ್ಲಿ ರೀಲನ್ನು ಮೂರು ತುಂಡು ಮಾಡಿ ಒಂದನ್ನು ಹೇಳಿದ ಸಮಯಕ್ಕೆ, ಇನ್ನೊಂದನ್ನು ಶೇಕಡಾ 20 ಕಡಿಮೆಗೆ, ಮತ್ತೊಂದನ್ನು ಶೇಕಡಾ 20 ಹೆಚ್ಚಿಗೆ ಡೆವಲಪ್ ಮಾಡಿ. 800ರಿಂದ ಕೆಳಮುಖವಾಗಿ ನೋಡುತ್ತ ಬಂದಾಗ ಕಂಬಳಿಯ ಉಣ್ಣೆಯ ಎಳೆ ಮೊದಲು ಕಾಣಿಸಿಕೊಳ್ಳುವ ಚೌಕಟ್ಟಿಗೆ ಎಣಿಸಿದ ಸಂಖ್ಯೆಯೇ ನಿಮ್ಮ ಕ್ಯಾಮೆರಾದಲ್ಲಿ ಆ ಫಿಲ್ಮಿನ ನಿಜವಾದ ಐಎಸ್‌ಒ. ಪಂಚೆಯ ನೇಯ್ಗೆ ಅಳಿಯದೆ ಉಳಿದ ತುಂಡಿನ ಸಮಯವೇ ನಿಮ್ಮ ಮನೆಯ ಬಿಸಿಲಿಗೆ ತಕ್ಕ ಡೆವಲಪಿಂಗ್ ಸಮಯ.